ಕುಳಿತವನ ಹಸಿವು
(ಬೆಹಾಲಾದ ವಾಚನಾಲಯದಲ್ಲಿ ಮಾಡಿದ ಭಾಷಣ)



ದಿನವೆಲ್ಲ ಕುಳಿತು ಲೆಕ್ಕ ಬರೆಯುವವನಿಗೆ ಹಸಿವೂ ಕಡಿಮೆ, ಆದುದರಿಂದ ಮೈ ಬೆಳೆಯುವ ಭಯವಿಲ್ಲ ಎಂದು ಗುಮಾಸ್ತರಾದ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಇದು ಸರಿಯಲ್ಲವೆಂದು ಕಂಡುಬಂದದ್ದು ದೂರದೇಶದಲ್ಲಲ್ಲ. ಹೂಗ್ಲಿಯ ಆಚೆ ದಡದಲ್ಲಿ, ಚೆಂಗೈಲಿನ ಲಡ್ಲೋ ಸೆಣಬಿನ ಗಿರಣಿಯಲ್ಲಿ. ಅಮೆರಿಕದ ಜೀನ್ ಮೇಯರ್ ಅವರು ರಾಯ್, ಮಿತ್ರ ಎಂಬವರೊಡನೆ ಅಲ್ಲಿಯ 213 ಮಂದಿಯ ಊಟ, ತೂಕ, ದುಡಿಮೆಗಳನ್ನು ಪರಿಶೀಲಿಸಿ 1956ರಲ್ಲಿ ಪ್ರಕಟಿಸಿದರು.

ಮೂಟೆ ಹೊರುವವರು ಬಹಳ ಉಣ್ಣುತ್ತಿದ್ದರು, ಆದರೂ ತೆಳ್ಳಗಿದ್ದರು. ಹಗುರವಾದ ಕೆಲಸದವರು ಅದಕ್ಕೆ ತಕ್ಕಂತೆ ಕಡಿಮೆ ಉಣ್ಣುತ್ತಿದ್ದರು. ಅಂಗಡಿಯಲ್ಲಿ ಕುಳಿತೇ ಇರುವವರ ಊಟ ಮಾತ್ರ ಇಳಿಯುವ ಬದಲು ಏರಿತ್ತು. ತೂಕವೂ ಅವರದೇ ಹೆಚ್ಚು! ಕೈಯಲ್ಲಿ ಕಾಸಿದ್ದುದರಿಂದ ಹೆಚ್ಚು ತಿಂದರೋ ಏನೋ ಎಂದು ನಾವು ಕೇಳಬಹುದು. ಆದರೂ ಒಂದು ಮಿತಿಗಿಂತ ಕೆಳಗೆ ದುಡಿಮೆ ಇಳಿದರೆ ಹಸಿವು ಲೆಕ್ಕ ತಪ್ಪುತ್ತದೆಂಬ ಮಾತು ಯೋಚಿಸತಕ್ಕದ್ದು.

ನಡೆದ ಮಾತ್ರಕ್ಕೆ ತೂಕ ಬೇಗ ಇಳಿಯದು. ಅರ್ಧ ಗಂಟೆ ನಡೆದು ಕಳೆದುದನ್ನು ಒಂದೆರಡು ರಸಗುಲ್ಲಾ ಮರಳಿ ತುಂಬುತ್ತವೆ. ತೂಕ ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ, ಹೃದಯಗಳಿಗೆ ಗುಣವುಂಟು. ಪರಊರಿನಲ್ಲಿ ಹಾಸಿಗೆ ಹಿಡಿದರೆ ಊರಿನ ಮನೆಗೆ ಹಣ ಕಳಿಸುವವರು ಯಾರು? ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೊರೆ ಹೊರುವ ಸೋದರರಿಗೆ ಈ ಉಪದೇಶ ಬೇಡ; ಅವರಿಗೆ ಬೇಕಾದುದು ಊಟ, ವಿಶ್ರಾಂತಿ.

ನಾವು ಗುಮಾಸ್ತರು ಮಾಜೇರ್‌ಹಾಟಿನಿಂದ ಬರುವಾಗ ಚೌರಸ್ತಾದ ಬದಲು ಬೆಹಾಲಾ ಬಜಾರಿನಲ್ಲೇ ಮೆಟ್ರೋ ಇಳಿದು ನಡೆಯೋಣ. ನಡೆಯುವಾಗ ಎದೆ ಹಿಡಿದಂತಾದರೆ ನಿಂತು, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.