ನಿಲ್ಲದೆ ಓಡುವ ಫರ್ನೇಸ್

ಕಾರಿನ ಗಾಜಿಗೆ ಕಟ್ಟಿದ ಮಂಜು ಕೆರೆದುಕೊಂಡು ಈ ಸಭೆಗೆ ಬಂದಿರುವ ಎಂಜಿನಿಯರ್ ಮಿತ್ರರೇ, ಫರ್ನೇಸ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ಗೆಳೆಯರೇ, ಮಿನೆಸೋಟದಲ್ಲಿ ಮನೆ ಕೊಂಡ ತಪ್ಪಿಗೆ ಅರ್ಧ ಮೆಕ್ಯಾನಿಕ್ ಆಗಿರುವ ನನ್ನಂಥ ಕನ್ನಡಿಗರೇ,

ಶೀತಪ್ರದೇಶದ ಮನೆಗಳನ್ನು ಬೆಚ್ಚಗಿಡುವ ವ್ಯವಸ್ಥೆಯ ಬಗ್ಗೆ ಆಶಯ ಭಾಷಣ ಮಾಡಿ ಎಂದು ಸಂಘಟಕರು ಕೇಳಿದ್ದಾರೆ. ವಿಷಯ ದೊಡ್ಡದು. ನಾನು ಅದರಲ್ಲಿ ಒಂದೇ ಒಂದು ದೂರನ್ನು ಹಿಡಿದುಕೊಳ್ಳುತ್ತೇನೆ. ಪ್ರತಿ ಜನವರಿಯಲ್ಲಿ ಯಾರಾದರೂ ಫೋನ್ ಮಾಡಿ ಹೇಳುವ ದೂರು ಅದು: "ಸಾರ್, ನಮ್ಮನೆ ಫರ್ನೇಸ್ ನಿಲ್ಲೋದೇ ಇಲ್ಲ. ರಾತ್ರಿಯೆಲ್ಲಾ ಓಡ್ತಾನೇ ಇದೆ. ಏನೋ ಕೆಟ್ಟಿರಬೇಕು."

ನಿಘಂಟಿನಲ್ಲಿ ಫರ್ನೇಸ್‌ಗೆ ಕುಲುಮೆ ಎಂಬ ಮಾತಿದೆ. ನಾನು ಅದನ್ನು ಬಳಸುವುದಿಲ್ಲ. ಕುಲುಮೆ ಕಮ್ಮಾರನದು, ತಿದಿ ಒತ್ತಲು ಒಬ್ಬ ಮನುಷ್ಯ ಬೇಕು. ನಮ್ಮ ಮಲೆನಾಡಿನ ಬಚ್ಚಲ ಒಲೆಗೂ ಹಾಗೆಯೇ, ಸೌದೆ ಮುಂದೆ ತಳ್ಳಲು, ಹಿಂದಕ್ಕೆ ಎಳೆಯಲು ಯಾರಾದರೂ ಇರಬೇಕು. ಒಂದು ಕಾಲದಲ್ಲಿ ಇಲ್ಲಿಯ ಕಲ್ಲಿದ್ದಲ ಫರ್ನೇಸಿನ ಗತಿಯೂ ಅದೇ ಆಗಿತ್ತು. ಗಾಳಿಯ ಕಿಂಡಿ ತೆರೆಯಲು, ಮುಚ್ಚಲು ಮನೆಯವರು ಬೇಸ್‌ಮೆಂಟಿಗೆ ಹತ್ತಿಳಿಯಬೇಕಿತ್ತು. 1885ರಲ್ಲಿ ಇದೇ ಮಿನ್ನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಎಂಬಾತ ಕೋಣೆ ತಣ್ಣಗಾದಾಗ ಆ ಕಿಂಡಿಯನ್ನು ತಾನಾಗಿಯೇ ತೆರೆಯುವ ಸಾಧನ ಕಂಡುಹಿಡಿದ. ಮುಂದೆ ಹನಿವೆಲ್ ಎಂದು ಹೆಸರಾದ ಕಂಪನಿಯ ಬೇರು ಅಲ್ಲಿದೆ. ಅಂದಿನಿಂದ ಬೇಸ್‌ಮೆಂಟಿನ ಬೆಂಕಿಗೆ ಅಪ್ಪಣೆ ಕೊಡುವುದು ಮೇಲಿನ ಗೋಡೆಯ ಥರ್ಮೋಸ್ಟಾಟ್. ಹಾಗಾಗಿ ಫರ್ನೇಸ್ ಓಡುತ್ತಿದೆ ಎಂದರೆ ಮನೆ ಇನ್ನೂ ಶಾಖ ಕೇಳುತ್ತಿದೆ ಎಂದು ಮೊದಲ ಅರ್ಥ. ಕೆಟ್ಟಿದೆ ಎಂಬ ಅರ್ಥ ಬರುವುದು ಆಮೇಲೆ.

ಆದ್ದರಿಂದ ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು ಇಷ್ಟೇ: ಮನೆ ಬೆಚ್ಚಗಿದೆಯೇ? ಥರ್ಮೋಸ್ಟಾಟಿನಲ್ಲಿ 68 ಡಿಗ್ರಿ ಫ್ಯಾರನ್‌ಹೀಟ್ ಇಟ್ಟಿದ್ದೀರಿ, ಕೋಣೆಯಲ್ಲೂ 68 ಇದೆಯೇ? ಇದೆ ಎಂದರೆ, ಹೊರಗಿನ ಚಳಿ ಎಷ್ಟು ಎಂದು ಕೇಳುತ್ತೇನೆ.

ಒಂದು ಲೆಕ್ಕ ಹಾಕೋಣ. ಫರ್ನೇಸನ್ನು ಊರಿನ ತೀರಾ ಚಳಿಯ ದಾಖಲೆಗೆ ಅಳೆದು ಕೂರಿಸುವುದಿಲ್ಲ. ಚಳಿಗಾಲದ ಕೆಲವೇ ಗಂಟೆ ಬಿಟ್ಟು ಉಳಿದೆಲ್ಲ ಹೊತ್ತಿಗೂ ಸಾಲುವಂಥ ಒಂದು ಉಷ್ಣತೆಯನ್ನು ವಿನ್ಯಾಸಕ್ಕೆ ಹಿಡಿಯುತ್ತಾರೆ. ನಮ್ಮೂರಿಗೆ ಅದು ಸೊನ್ನೆಗಿಂತ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನ ಆಸುಪಾಸು. ಒಳಗೆ 68, ಹೊರಗೆ ಮೈನಸ್ 10 ಎಂದರೆ ಅಂತರ 78 ಡಿಗ್ರಿ. ಮನೆ ಕಳೆದುಕೊಳ್ಳುವ ಶಾಖ ಹೆಚ್ಚುಕಡಿಮೆ ಈ ಅಂತರಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಹೊರಗೆ 29 ಇದ್ದ ದಿನ ಅಂತರ 39, ಅಂದರೆ ಅರ್ಧ. ಸರಿಯಾಗಿ ಅಳೆದು ಕೂರಿಸಿದ ಫರ್ನೇಸ್ ಅಂದು ಗಂಟೆಯಲ್ಲಿ ಅರ್ಧ ಗಂಟೆ ಓಡುತ್ತದೆ. ಮೈನಸ್ 10ರ ದಿನ ನಿಲ್ಲುವುದೇ ಇಲ್ಲ. ಅದು ಅದರ ಆರೋಗ್ಯದ ಗುರುತು. ಎರಡು ಹಂತದ ಬರ್ನರ್ ಇರುವ ಹೊಸ ಯಂತ್ರಗಳಂತೂ ಕಡಿಮೆ ಉರಿಯಲ್ಲಿ ಬಹಳ ಹೊತ್ತು ಓಡಲೆಂದೇ ಮಾಡಿದವು.

2019ರ ಜನವರಿ 30ರಂದು ಈ ಊರಿನಲ್ಲಿ ಮೈನಸ್ 28 ಆಯಿತು. ಅಂತರ 96. ವಿನ್ಯಾಸಕ್ಕಿಂತ ಸುಮಾರು ಕಾಲುಭಾಗ ಹೆಚ್ಚು ಹೊರೆ. ಅಂದು ಎಷ್ಟೋ ಮನೆಗಳಲ್ಲಿ ಫರ್ನೇಸ್ ಹಗಲೂ ರಾತ್ರಿ ಓಡಿಯೂ ಕೋಣೆ 64ಕ್ಕೆ ಇಳಿದಿದ್ದರೆ ಅದು ಗಣಿತ, ದೋಷವಲ್ಲ. ಅದೇ ದಿನ ಮಿಷಿಗನ್‌ನಲ್ಲಿ ಗ್ಯಾಸ್ ಕಂಪ್ರೆಸರ್ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು, ಎಲ್ಲರೂ ಥರ್ಮೋಸ್ಟಾಟನ್ನು 65ಕ್ಕೆ ಇಳಿಸಿ ಎಂದು ಜನರ ಫೋನುಗಳಿಗೆ ತುರ್ತು ಸಂದೇಶ ಹೋಯಿತು. ಒಂದೊಂದು ಮನೆಯ ಬೇಸ್‌ಮೆಂಟಿನ ಓಟವೂ ಒಟ್ಟಾಗಿ ಒಂದು ರಾಜ್ಯದ ಗ್ಯಾಸ್ ಕೊಳವೆಯ ಮೇಲೆ ಬೀಳುತ್ತದೆ ಎಂಬುದು ಅಂದು ಅನೇಕರಿಗೆ ತಿಳಿಯಿತು.

ಹೊರಗೆ 30 ಡಿಗ್ರಿ ಇರುವಾಗಲೂ ನಿಲ್ಲದೆ ಓಡಿದರೆ? ಆಗ ಅನುಮಾನಿಸಬೇಕು. ಗಾಳಿ ಬರುವ ಕಿಂಡಿಗೆ ಕೈ ಹಿಡಿಯಿರಿ. ಗಾಳಿ ಬರುತ್ತಿದೆ, ಆದರೆ ತಣ್ಣಗಿದೆ ಎಂದರೆ ಓಡುತ್ತಿರುವುದು ಗಾಳಿ ತಳ್ಳುವ ಬ್ಲೋವರ್ ಮಾತ್ರ, ಬೆಂಕಿಯಲ್ಲ. ಥರ್ಮೋಸ್ಟಾಟಿನ ಫ್ಯಾನ್ ಗುಂಡಿ 'ಆಟೋ' ಬಿಟ್ಟು 'ಆನ್'ಗೆ ಸರಿದಿದೆಯೇ ನೋಡಿ. ಸರಿದಿದ್ದರೆ ಖರ್ಚಿಲ್ಲದೆ ರಿಪೇರಿ ಮುಗಿಯಿತು. ಇಲ್ಲದಿದ್ದರೆ ಗಾಳಿಯ ದಾರಿ ಕಟ್ಟಿರುವ ಸಂಭವವೇ ಹೆಚ್ಚು. ಗಾಳಿ ಸಾಲದೆ ಒಳಗಿನ ಹೀಟ್ ಎಕ್ಸ್‌ಚೇಂಜರ್ ಅತಿಯಾಗಿ ಕಾಯುತ್ತದೆ, ಲಿಮಿಟ್ ಸ್ವಿಚ್ ಗ್ಯಾಸ್ ಕಡಿಯುತ್ತದೆ, ಕಾದ ಲೋಹ ತಣಿಯಲೆಂದು ಬ್ಲೋವರ್ ಓಡುತ್ತಲೇ ಇರುತ್ತದೆ. ತಣಿದ ಮೇಲೆ ಮತ್ತೆ ಬೆಂಕಿ, ಮತ್ತೆ ಕಡಿತ. ಮನೆ ಬೆಚ್ಚಗಾಗುವುದೇ ಇಲ್ಲ.

ನನ್ನ ಮನೆಯಲ್ಲೇ ಇದು ಆಗಿದೆ. ಟೆಕ್ನಿಷಿಯನ್ ಒಬ್ಬರು ಬಂದು, ಬ್ಲೋವರ್ ಮೋಟಾರು ಬದಲಿಸಬೇಕು ಎಂದು ದೊಡ್ಡ ಮೊತ್ತವೊಂದನ್ನು ಬರೆದುಕೊಟ್ಟು ಹೋದರು. ಆ ಚಳಿಗಾಲ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಸಂಜೆ ಹಾಲಿಗೆ ಬಂದು ನೋಡುತ್ತೇನೆ, ಗೋಡೆಯ ಬುಡದ ದೊಡ್ಡ ರಿಟರ್ನ್ ಜಾಲರಿಗೆ ಒದ್ದೆ ಸೀರೆ ಹರವಿದೆ. "ಕ್ಲಿಪ್ಪೇ ಬೇಡ ಕಣೋ, ಹಾಗೇ ಅಂಟ್ಕೊಳ್ತದೆ" ಎಂದು ಅವರಿಗೆ ಸಂಭ್ರಮ. ಅಂಟಿಕೊಳ್ಳದೆ ಏನು, ಇಡೀ ಮನೆಯ ಗಾಳಿಯನ್ನು ಫರ್ನೇಸ್ ಎಳೆದುಕೊಳ್ಳುವುದು ಆ ದಾರಿಯಿಂದಲೇ. ಸೀರೆ ತೆಗೆದೆವು, ಎರಡು ವರ್ಷದಿಂದ ಮುಟ್ಟದ ಫಿಲ್ಟರನ್ನೂ ಬದಲಿಸಿದೆವು. ಮೋಟಾರು ಇಂದಿಗೂ ಅದೇ ಇದೆ. ಫಿಲ್ಟರಿನ ಪಾಪವನ್ನು ಸೀರೆಯ ತಲೆಗೆ ಕಟ್ಟಿದೆ ಎಂದು ಅಮ್ಮ ಈಗಲೂ ನನ್ನನ್ನು ಬೈಯುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ.

ಗಾಳಿ ಬಿಸಿಯಾಗಿಯೇ ಬರುತ್ತಿದೆ, ಆದರೂ ಮನೆ ಏರುತ್ತಿಲ್ಲ ಎಂದರೆ ಗ್ಯಾಸ್ ಮೀಟರಿನ ಮುಂದೆ ನಿಲ್ಲಿ. ಗೀಸರ್, ಒಲೆ ಎಲ್ಲ ಆರಿಸಿ. ಒಂದು ಘನ ಅಡಿಯ ಮುಳ್ಳು ಒಂದು ಸುತ್ತು ಬರಲು ಎಷ್ಟು ಸೆಕೆಂಡು? 3,600ನ್ನು ಅದರಿಂದ ಭಾಗಿಸಿ. ಅರವತ್ತು ಸೆಕೆಂಡು ಹಿಡಿದರೆ ಗಂಟೆಗೆ 60 ಘನ ಅಡಿ. ಒಂದು ಘನ ಅಡಿಯಲ್ಲಿ ಸುಮಾರು ಸಾವಿರ ಬಿಟಿಯು ಶಾಖ, ಅಂದರೆ ಗಂಟೆಗೆ ಸುಮಾರು 60,000. ಯಂತ್ರಕ್ಕೆ ಅಂಟಿಸಿದ ವಿವರದ ತಗಡಿನ ಮೇಲೆ 80,000 ಎಂದಿದ್ದರೆ ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ. ಎರಡು ಹಂತದ ಯಂತ್ರವಾದರೆ ಪೂರ್ತಿ ಉರಿಯಲ್ಲಿದ್ದಾಗಲೇ ಎಣಿಸಬೇಕು ಎಂಬುದನ್ನು ಮರೆಯಬೇಡಿ. ಒಳಹೋಗುವ ಮತ್ತು ಹೊರಬರುವ ಗಾಳಿಯ ಬಿಸಿಯ ಅಂತರವನ್ನೂ ಅಳೆಯಿರಿ. ಎಷ್ಟಿರಬೇಕೆಂದು ಅದೇ ತಗಡಿನ ಮೇಲೆ ಅಚ್ಚಾಗಿರುತ್ತದೆ. ಅಂತರ ಮೀರಿದರೆ ಗಾಳಿ ಕಡಿಮೆ, ಸಾಲದಿದ್ದರೆ ಉರಿ ಕಡಿಮೆ ಅಥವಾ ಗಾಳಿ ಅತಿ. ಇದರಾಚೆಗಿನ ಗ್ಯಾಸ್ ಒತ್ತಡದ ಕೆಲಸ ಪರವಾನಗಿ ಇದ್ದವರದು.

ಈ ಎರಡೂ ಅಳತೆ ಸರಿ ಇದ್ದರೆ ಯಂತ್ರವನ್ನು ಬಿಟ್ಟು ಮನೆಯನ್ನು ನೋಡಿ. ಬಿಸಿ ಗಾಳಿ ಅಟ್ಟದ ಸಂದುಗಳಿಂದ ಮೇಲೆ ಹೋಗುತ್ತದೆ, ಅಷ್ಟೇ ತಣ್ಣನೆಯ ಗಾಳಿ ತಳಪಾಯದ ಅಂಚಿನಿಂದ ಒಳಗೆ ನುಗ್ಗುತ್ತದೆ. ಈ ಸಂದುಗಳನ್ನು ಮುಚ್ಚುವ ಕೆಲಸಕ್ಕೆ ಹೊಸ ಫರ್ನೇಸಿನ ಜಂಬವಿಲ್ಲ. ಅದಕ್ಕೇ ನಮ್ಮವರು ಅದನ್ನು ಮಾಡಿಸುವುದಿಲ್ಲ.

ಇಲ್ಲಿರುವ ಟೆಕ್ನಿಷಿಯನ್ ಗೆಳೆಯರಲ್ಲಿ ಒಂದು ಕೋರಿಕೆ: ಅಳೆಯದೆ ಬಿಡಿಭಾಗ ಬದಲಿಸಬೇಡಿ, ಅಳೆದ ಅಂಕಿಯನ್ನು ಮನೆಯವರ ಕೈಗೆ ಬರೆದುಕೊಡಿ. ಮನೆಯವರಲ್ಲಿ ಇನ್ನೊಂದು: ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತು ಮನೆಗೆ ಹೋಗುವ ದಾರಿಯಲ್ಲೇ ಕೊಂಡುಹೋಗಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮಧ್ಯಾಹ್ನದ ಗೋಷ್ಠಿಗೆ ಬರುವಾಗ ನಿಮ್ಮ ಫರ್ನೇಸಿನ ತಗಡಿನ ಫೋಟೋ ಮತ್ತು ಜನವರಿ ತಿಂಗಳ ಗ್ಯಾಸ್ ಬಿಲ್ಲು ಜೊತೆಗಿರಲಿ. ಲೆಕ್ಕವನ್ನು ಅಲ್ಲೇ ಕೂತು ಮಾಡೋಣ.