ಹೆಸರು ರದ್ದಾಗುತ್ತದೆ ಎಂಬ ಕಾಗದ ಬಂದರೆ
(ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳು)



ಈ ವರ್ಷ ಅರ್ಜಿಗಳನ್ನು ಪರಿಶೀಲಿಸುವಾಗ ನಾನೂ ಕುಳಿತಿದ್ದೆ. ಪೋಷಕರ ಉದ್ಯೋಗ ಎಂಬಲ್ಲಿ ಮಸಾಲೆ ಪುಡಿ, ಅಗರಬತ್ತಿ, ಹೊಲಿಗೆ, ಬೇಕರಿ ಎಂದು ಬರೆದವರು ಹಲವರು. ಅಂಥ ಒಂದು ಮನೆಯಲ್ಲಿ ಮಗಳ ಕಾಲೇಜು ಫೀಸಿಗೆ ಎತ್ತಿಟ್ಟ ಹಣವೇ ಮೋಸಕ್ಕೆ ಹೋಗಿತ್ತು. ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ.

ಆ ತಾಯಿ ತಮ್ಮ ಬಿರಿಯಾನಿ ಮಸಾಲೆಯ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದರು. ಕೆಲವು ತಿಂಗಳ ನಂತರ ವಾಟ್ಸಾಪಿನಲ್ಲಿ ಸರ್ಕಾರಿ ಮುದ್ರೆಯಂಥ ಚಿತ್ರವಿದ್ದ ಕಾಗದ ಬಂತು: ನಿಮ್ಮ ಹೆಸರಿಗೆ ಆಕ್ಷೇಪಣೆ ಬಂದಿದೆ, ಸಂಜೆಯೊಳಗೆ ಶುಲ್ಕ ಕಟ್ಟದಿದ್ದರೆ ರದ್ದು. ಅರ್ಜಿ ಸಂಖ್ಯೆ, ವಿಳಾಸ, ಬ್ರಾಂಡು ಎಲ್ಲವೂ ಸರಿಯಾಗಿದ್ದವು. ಕಟ್ಟಿಬಿಟ್ಟರು. ದಯವಿಟ್ಟು ಅವರನ್ನು ದಡ್ಡರು ಎನ್ನಬೇಡಿ. ಓದಿದ ಎಂಜಿನಿಯರುಗಳೂ ಕಟ್ಟಿದ್ದಾರೆ.

ವಿವರ ಸರಿಯಿದ್ದದ್ದು ಹೇಗೆ? ಟ್ರೇಡ್‌ಮಾರ್ಕ್ ಅರ್ಜಿ ಗುಟ್ಟಿನ ದಾಖಲೆಯಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿತವಾದ ಹೆಸರುಗಳು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲೂ ಪ್ರಕಟವಾಗುತ್ತವೆ. ಕಳ್ಳನಿಗೆ ಅಲ್ಲೇ ಪಟ್ಟಿ ಸಿಗುತ್ತದೆ.

ಇನ್ನೊಂದು ಮಾತು. ಆ ಅರ್ಜಿಯ ಮುಂದೆ ‘ಆಬ್ಜೆಕ್ಟೆಡ್’ ಎಂದು ಇದ್ದದ್ದು ನಿಜವೇ. ಆದರೆ ಅದು ನಮ್ಮ ಉತ್ತರಪತ್ರಿಕೆಯಲ್ಲಿ ಪರೀಕ್ಷಕರು ಹಾಕುವ ಕೆಂಪು ಗೆರೆಯಂಥದ್ದು. ಪರಿಶೀಲನಾ ವರದಿಗೆ ಉತ್ತರ ಕೊಡಲು ಒಂದು ತಿಂಗಳ ಕಾಲ ಇದೆ, ಆ ಉತ್ತರಕ್ಕೆ ಸರ್ಕಾರಿ ಶುಲ್ಕವಿಲ್ಲ. ವಕೀಲರಿಂದ ಬರೆಸಿದರೆ ಅವರ ಫೀಸು ಬೇರೆ.

ಲೆಕ್ಕ ಬರೆದುಕೊಳ್ಳಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಿನಲ್ಲಿ ಅರ್ಜಿ ಹಾಕಲು, 2017ರ ನಿಯಮಗಳ ಪ್ರಕಾರ, ಒಂದು ವರ್ಗಕ್ಕೆ 4,500 ರೂಪಾಯಿ. ಮಸಾಲೆ 30ನೇ ವರ್ಗ, ಅಗರಬತ್ತಿ-ಅತ್ತರು 3, ಬಟ್ಟೆ 25. ಜರ್ನಲ್‌ನಲ್ಲಿ ಹಾಕಿಸಲು ಅಥವಾ ಪ್ರಮಾಣಪತ್ರ ಕೊಡಲು ಮತ್ತೆ ಸರ್ಕಾರಕ್ಕೆ ಹಣ ಕಟ್ಟಬೇಕಿಲ್ಲ. ‘ಪ್ರಕಟಣಾ ಶುಲ್ಕ’ ಎಂದು ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ನೋಂದಣಿಯ ಅವಧಿ 10 ವರ್ಷ. ನವೀಕರಣಕ್ಕೆ ಆನ್‌ಲೈನಿನಲ್ಲಿ ವರ್ಗಕ್ಕೆ 9,000. ಅವಧಿ ಮುಗಿಯುವುದಕ್ಕೆ ಮೂರು-ನಾಲ್ಕು ವರ್ಷ ಇರುವಾಗಲೇ ನವೀಕರಣದ ಬಿಲ್ಲು ಬಂದರೆ ಅದು ಸುಳ್ಳು. ಕೊನೆಯ ಒಂದು ವರ್ಷಕ್ಕೆ ಮುಂಚೆ ಆ ಅರ್ಜಿ ಹಾಕಲು ಬರುವುದಿಲ್ಲ.

ವಿದೇಶಕ್ಕೆ ಮಾಲು ಕಳಿಸುವ ನಮ್ಮ ದಾನಿಗಳಿಗೆ ಬೇರೆ ಬಗೆಯ ಕಾಗದ ಬರುತ್ತದೆ. ಯೂರೋ ಲೆಕ್ಕದ ಬಿಲ್ಲು, ಭೂಗೋಳದ ಚಿತ್ರ, ‘ಅಂತಾರಾಷ್ಟ್ರೀಯ ರಿಜಿಸ್ಟರ್’ ಎಂಬ ದೊಡ್ಡ ಹೆಸರು. ಕೆಳಗಿನ ಸಣ್ಣಕ್ಷರ ಓದಿದರೆ ಅದು ಯಾವುದೋ ಖಾಸಗಿ ಪಟ್ಟಿ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ ಇಂಥ ಬಿಲ್ಲುಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿದೆ. ‘ನಿಮ್ಮ ಹೆಸರಿನ ಡೊಮೇನ್ ಅನ್ನು ಚೀನಾದಲ್ಲಿ ಬೇರೆಯವರು ಕೇಳುತ್ತಿದ್ದಾರೆ, ಕೂಡಲೇ ನೀವೇ ಕೊಳ್ಳಿ’ ಎಂಬ ಇಮೇಲೂ ಇದೇ ಜಾತಿ.

ಹಾಗೆಂದು ಬಂದ ಕಾಗದವನ್ನೆಲ್ಲ ಒಲೆಗೆ ಹಾಕಬೇಡಿ. ನಿಜವಾಗಿ ಯಾರಾದರೂ ನಿಮ್ಮ ಹೆಸರಿಗೆ ವಿರೋಧ ಹೂಡಿದ್ದರೆ, ಅದರ ಪ್ರತಿ ತಲುಪಿದ ಎರಡು ತಿಂಗಳೊಳಗೆ ಉತ್ತರ ಸಲ್ಲಿಸಬೇಕು. ಇಲ್ಲದಿದ್ದರೆ ನೀವು ಅರ್ಜಿಯನ್ನು ಕೈಬಿಟ್ಟಿರಿ ಎಂದೇ ಕಾನೂನು ತಿಳಿಯುತ್ತದೆ. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರು ಹಾಗೂ ಹೋಗಬಹುದು. ಆದ್ದರಿಂದ ಕಾಗದದಲ್ಲಿರುವ ಫೋನ್ ನಂಬರಿಗೆ ಕರೆ ಮಾಡದೆ, ಅಧಿಕೃತ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಸಂಖ್ಯೆ ಹಾಕಿ ನೋಡಿ. ಕಾಲೇಜಿಗೆ ಹೋಗುವ ಮಕ್ಕಳು ಐದು ನಿಮಿಷದಲ್ಲಿ ನೋಡಿಕೊಡುತ್ತಾರೆ.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಆ ತಾಯಿ ಹೇಳಿದ್ದು ಹನ್ನೊಂದು ದಿನ ಕಳೆದ ಮೇಲೆ, ಅದೂ ಮಗಳ ಅರ್ಜಿಯ ಜೊತೆ. ಹಣ ಸಿಕ್ಕಲಿಲ್ಲ. ಮಗಳ ಈ ವರ್ಷದ ಫೀಸನ್ನು ಟ್ರಸ್ಟು ಕಟ್ಟಿದೆ. ಮಸಾಲೆಯ ಅರ್ಜಿಗೂ ಉತ್ತರ ಹೋಗಿದೆ.