ಪುಚ್ಚೆಯೋ ಬೆಕ್ಕೋ?

ಮಂಗಳೂರು ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಓಡಾಡುವುದು ‘ಪುಚ್ಚೆ’, ಶಾಲೆಯ ಪುಸ್ತಕದಲ್ಲಿ ಕೂತಿರುವುದು ‘ಬೆಕ್ಕು’. ಟೀಚರ್ ಚಿತ್ರ ತೋರಿಸಿ ಇದೇನು ಅಂದಾಗ ಅಂಥ ಮಗು ಒಂದು ಕ್ಷಣ ತಡವರಿಸಬಹುದು. ಅದಕ್ಕೆ ಕನ್ನಡ ಬಾರದು ಅಂತಲ್ಲ. ತುಳು ಪದ, ಕನ್ನಡ ಪದ ಎರಡೂ ಒಟ್ಟಿಗೆ ಎದ್ದಿವೆ, ಒಂದನ್ನು ಆರಿಸಬೇಕು.

ಒಟ್ಟಿಗೆ ಏಳುತ್ತವೆ ಅಂತ ಹೇಗೆ ಗೊತ್ತು? ಕಣ್ಣು ಗುಟ್ಟು ಬಿಟ್ಟುಕೊಡುತ್ತದೆ. ಮೈಕಲ್ ಸ್ಪಿವೆ, ವಿಯೊರಿಕಾ ಮೇರಿಯನ್ ಎಂಬ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ರಷ್ಯನ್, ಇಂಗ್ಲಿಷ್ ಎರಡೂ ಬಲ್ಲ ದೊಡ್ಡವರ ಮುಂದೆ ಒಂದಷ್ಟು ವಸ್ತುಗಳನ್ನಿಟ್ಟರು. ಅಂಚೆಚೀಟಿಯನ್ನು ಎತ್ತಿಡಿ ಎಂದು ರಷ್ಯನ್‌ನಲ್ಲಿ ಹೇಳಿದರು. ಅಂಚೆಚೀಟಿಗೆ ಆ ಭಾಷೆಯಲ್ಲಿ ‘ಮಾರ್ಕ’. ಬೇಕೆಂದೇ ಅಲ್ಲೊಂದು ಮಾರ್ಕರ್ ಪೆನ್ ಇಟ್ಟಿದ್ದರು! ಅದಕ್ಕೆ ರಷ್ಯನ್‌ನಲ್ಲಿ ಬೇರೆಯದೇ ಹೆಸರು. ಹಾಗಿದ್ದರೂ ‘ಮಾರ್ಕ’ ಎಂಬ ಸದ್ದು ಕಿವಿಗೆ ಬೀಳುತ್ತಲೇ ಕಣ್ಣು ಆಗಾಗ ಆ ಪೆನ್ನಿನ ಕಡೆ ಹೊರಳುತ್ತಿತ್ತು. ಕಣ್ಣಿನ ಚಲನೆ ಗುರುತಿಸುವ ಯಂತ್ರ ಅದನ್ನು ಹಿಡಿದುಬಿಟ್ಟಿತು. ಇಂಗ್ಲಿಷಿನ ಒಂದು ಮಾತೂ ಆಡದಿದ್ದರೂ ಇಂಗ್ಲಿಷ್ ಒಳಗೊಳಗೇ ಎಚ್ಚರವಾಗಿತ್ತು.

ಎರಡು ಭಾಷೆಯವರಿಗೆ ಪದ ನಾಲಿಗೆ ತುದಿಗೆ ಬಂದು ನಿಂತುಬಿಡುವುದು ತುಸು ಹೆಚ್ಚು. ಎರಡೂ ಪದಗಳು ಹೀಗೆ ಒಟ್ಟಿಗೆ ಎದ್ದು ಜಗಳಕ್ಕೆ ನಿಲ್ಲುವುದು ಇದಕ್ಕೊಂದು ಕಾರಣವಿರಬಹುದು. ಇನ್ನೊಂದು ಕಾರಣವನ್ನೂ ಹೇಳುತ್ತಾರೆ: ದಿನದ ಮಾತು ಎರಡು ಭಾಷೆಗಳಿಗೆ ಹಂಚಿಹೋಗುವುದರಿಂದ ಒಂದೊಂದು ಪದದ ಬಳಕೆಯೂ ಕಡಿಮೆ. ತಮಾಷೆಯೆಂದರೆ, ಜನರ ಹೆಸರು ನೆನಪಿಸಿಕೊಳ್ಳುವಾಗ ಈ ವ್ಯತ್ಯಾಸ ಕಾಣುವುದಿಲ್ಲ. ಹೆಸರು ಯಾವ ಭಾಷೆಯಲ್ಲೂ ಅದೇ ಅಲ್ಲವೇ?

ಪದಗಳು ಹೋಲುವಂತಿದ್ದರೆ ಜಗಳದ ಬದಲು ಸಹಾಯವೇ ಆಗುತ್ತದೆ. ಸ್ಪೇನಿನಲ್ಲಿ ಕ್ಯಾಟಲನ್ ಮತ್ತು ಸ್ಪ್ಯಾನಿಷ್ ಎರಡನ್ನೂ ಆಡುವವರಿದ್ದಾರೆ. ಅವರಿಗೆ ಬೆಕ್ಕು ಒಂದರಲ್ಲಿ ‘ಗಾತ್’, ಇನ್ನೊಂದರಲ್ಲಿ ‘ಗಾತೊ’. ಮೇಜು ಮಾತ್ರ ‘ತಾವುಲ’ ಮತ್ತು ‘ಮೇಸ’, ಸಂಬಂಧವೇ ಇಲ್ಲ. ಚಿತ್ರ ನೋಡಿ ಹೆಸರು ಹೇಳಿಸಿದಾಗ ಗಾತ್-ಗಾತೊ ಥರದ ಜೋಡಿಗಳು ಬೇಗ ಬಾಯಿಗೆ ಬಂದವು. ತುಳುವಿನ ‘ನೀರ್’, ಕನ್ನಡದ ‘ನೀರು’ ಇಂಥದೇ ಜೋಡಿ.

ಇನ್ನು ಎರಡು ಭಾಷೆಯ ಮಕ್ಕಳಿಗೆ ಪದಗಳು ಕಡಿಮೆ ಎಂದು ದೊಡ್ಡವರು ಚಿಂತಿಸುವುದುಂಟು. ತಪ್ಪು ಇರುವುದು ಎಣಿಕೆಯಲ್ಲಿ. ಅಮೆರಿಕದ ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಸ್ಪ್ಯಾನಿಷ್-ಇಂಗ್ಲಿಷ್ ಕಲಿಯುತ್ತಿದ್ದ ಪುಟಾಣಿಗಳ ಪದಗಳನ್ನು ಲೆಕ್ಕ ಹಾಕಿ 1993ರಲ್ಲಿ ಪ್ರಕಟಿಸಿದರು. ಎರಡೂ ಭಾಷೆಯ ಪದಗಳನ್ನು ಕೂಡಿಸಿದಾಗ ಈ ಮಕ್ಕಳು ಒಂದೇ ಭಾಷೆಯ ಮಕ್ಕಳಿಗೆ ಸರಿಸಮವಾಗಿಯೇ ಇದ್ದರು.

ನಿಮ್ಮ ಮನೆಯಲ್ಲಿ ಮಾತು ಕಲಿಯುವ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಬರುವ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ಭಾಷೆಯದನ್ನೂ ಬಿಡಬೇಡಿ.